ಮಳವಳ್ಳಿಯ ಳಕಾರ

ನಮ್ಮ ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿರಿಸಿ, ದೂರದೇಶದ ವಾಚಕರಿಗೂ ದೊರೆಯುವಂತೆ ಮಾಡಬೇಕೆಂದು ಕಾರ್ಯಸಮಿತಿಯವರು ನಿಶ್ಚಯಿಸಿ, ಲೇಖನಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ವಹಿಸಿದರು. ಪಟ್ಟಿ ಬರೆಯುವುದು ನನಗೆ ಹೊಸತಲ್ಲ; ಬಹುಕಾಲ ಶಾಲೆಯ ಹಾಜರಿ ಪುಸ್ತಕವನ್ನು ಬರೆದ ಕೈಯಿದು. ಆದರೆ ಕೆಲಸಕ್ಕೆ ಕುಳಿತ ಮೊದಲನೆಯ ದಿವಸವೇ ಒಂದು ತೊಡಕು ಬಂದೊದಗಿತು. ಯಂತ್ರಭಾಗವನ್ನು ನೋಡಿಕೊಳ್ಳುವ ತರುಣನು, ಹಿಂದೆ ನನ್ನ ಬಳಿಯಲ್ಲಿಯೇ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವನು, “ಮೇಷ್ಟ್ರೇ, ಒಂದೊಂದು ಲೇಖನಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಒಂದು ಚಿಕ್ಕ ಹೆಸರು ಬೇಕು. ದೊಡ್ಡಕ್ಷರ ಬೇಡ, ಮೇಲೆ ಕೆಳಗೆ ಚುಕ್ಕಿಯಿಡುವುದು ಬೇಡ. ಪದಪದದ ನಡುವೆ ಒಂದು ಅಡ್ಡಗೆರೆ ಇದ್ದರೆ ಸಾಕು” ಎಂದನು. ವೃತ್ತಪತ್ರಿಕೆಗಳ ಕಛೇರಿಯಲ್ಲಿ ವರದಿಯೊಂದಕ್ಕೆ ಗುರುತಿಗಾಗಿ ಕೊಡುವ ಕಿರುಹೆಸರಿಗೆ ಸ್ಲಗ್ ಎಂಬ ಸಂಜ್ಞೆಯುಂಟು. ಆ ಸಂಜ್ಞೆಯೇ ಈಗ ಜಾಲವಿಳಾಸದ ಕೊನೆಯ ತುಂಡಿಗೂ ಬಂದಿರುವುದೆಂದು ಅವನಿಂದಲೇ ತಿಳಿದೆನು.

ಸುಲಭವಾದ ಕೆಲಸವೆಂದುಕೊಂಡೆನು. ಕೈಬಳೆಗಳನ್ನು ಹೊತ್ತು ಊರೂರು ತಿರುಗುತ್ತಿದ್ದ ಬಳೆಗಾರರನ್ನು ಕುರಿತು ಒಂದು ಹಳೆಯ ಲೇಖನವಿತ್ತು. ಕಾವೇರಿಯ ಮಡುಗಳಲ್ಲಿ ಮೀನು ಹಿಡಿಯುವ ಬಲೆಗಾರರನ್ನು ಕುರಿತು ಇನ್ನೊಂದಿತ್ತು. ಎರಡೂ ರೋಮನ್ ಅಕ್ಷರಗಳಲ್ಲಿ ಒಂದೇ ಆಗಿಹೋದವು. ಒಂದೇ ವಿಳಾಸದಲ್ಲಿ ಎರಡು ಲೇಖನಗಳು ಇರಲಾರವಷ್ಟೆ. ಯಂತ್ರವು ಯಾರನ್ನೂ ಕೇಳದೆ ಎರಡನೆಯದರ ಬಾಲಕ್ಕೆ ೨ ಎಂಬ ಅಂಕೆಯನ್ನು ಅಂಟಿಸಿತು. ಹೀಗೆ ನಮ್ಮ ಬಲೆಗಾರರು ಎರಡನೆಯ ಬಳೆಗಾರರಾದರು. ಅದನ್ನು ಕಂಡು ನಕ್ಕೆವು. ಮರುದಿನ ಕಂಡದ್ದು ನಗುವಂಥದಾಗಿರಲಿಲ್ಲ. ರೋಮನ್ ಅಕ್ಷರದ ಊರಪಟ್ಟಿಯನ್ನು ಯಂತ್ರದಿಂದಲೇ ಮರಳಿ ಕನ್ನಡಕ್ಕೆ ತಂದಾಗ, ಮಳವಳ್ಳಿ ಎಂದಿರಬೇಕಾದಲ್ಲಿ ‘ಮಲವಲ್ಲಿ’ ಎಂದು ಬಂದಿತು. ಸಂಸ್ಕೃತದಲ್ಲಿ ಮಲವೆಂದರೆ ಕೊಳೆ, ವಲ್ಲಿಯೆಂದರೆ ಬಳ್ಳಿ. ನಾನು ಹುಟ್ಟಿ ಬೆಳೆದು ಪಾಠ ಹೇಳಿದ ಊರು ಕೊಳೆಯ ಬಳ್ಳಿಯಾಗಿ ಕಣ್ಣೆದುರಿಗೆ ನಿಂತಿತು. ಅದರ ಕೆಳಗೆ ತಾಲ್ಲೂಕಿನ ಹಳ್ಳಿಗಳೆಲ್ಲವೂ ಸಾಲಾಗಿ ‘ಹಲ್ಲಿ’ಗಳಾಗಿ ಗೋಡೆ ಹತ್ತಿದ್ದವು.

ವಳ್ಳಿ ಎಂಬುದು ವಲ್ಲಿಯಲ್ಲವೆಂಬುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಾದುದಿಲ್ಲ. ಹಳಗನ್ನಡದ ಪಳ್ಳಿಯೇ ಹೊಸಗನ್ನಡದ ಹಳ್ಳಿ. ಸಮಾಸದಲ್ಲಿ ಉತ್ತರಪದದ ಪಕಾರಕ್ಕೆ ವಕಾರವು ಆದೇಶವಾಗಿ ಬರುವುದೂ ಪ್ರಸಿದ್ಧವೇ. ಕನ್ನಡಕ್ಕೆ ಳಕಾರವು ಅಲಂಕಾರವಲ್ಲ. ಕಾಲಿಗೂ ಕಾಳಿಗೂ, ಹುಲಿಗೂ ಹುಳಿಗೂ ಭೇದವನ್ನುಂಟುಮಾಡುವುದು ಅದೊಂದೇ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ವಿಭಾಗವನ್ನು ಎಷ್ಟು ಶ್ರದ್ಧೆಯಿಂದ ನಿರೂಪಿಸಿದನೆಂಬುದನ್ನು ನೆನೆದರೆ ಸಾಕು. ಲೌಕಿಕ ಸಂಸ್ಕೃತವು ಈ ವರ್ಣವನ್ನು ಬಿಟ್ಟುಕೊಟ್ಟಿತು. ಆದರೆ ಋಗ್ವೇದಪಾಠದಲ್ಲಿ ಎರಡು ಸ್ವರಗಳ ನಡುವಣ ಡಕಾರವು ಳಕಾರವಾಗಿ ಇಂದಿಗೂ ಉಚ್ಚರಿಸಲ್ಪಡುತ್ತದೆ. ಇಂತಹ ವರ್ಣವು ನಮ್ಮ ಊರಹೆಸರಿನಿಂದ ಎಂದು, ಯಾರ ಕೈಯಲ್ಲಿ, ಏತಕ್ಕಾಗಿ ಲೋಪವಾಯಿತೆಂದು ವಿಚಾರಿಸಹೊರಟಾಗ, ಇದು ಕಂಪ್ಯೂಟರಿನ ಅಪರಾಧವೊಂದೇ ಅಲ್ಲವೆಂದೂ, ಇನ್ನೂರಕ್ಕೂ ಹೆಚ್ಚು ವರ್ಷಗಳ ಕಥೆಯ ಕೊನೆಯ ಅಧ್ಯಾಯವೆಂದೂ ನನಗೆ ತೋರಿತು.

ಮಳವಳ್ಳಿಯ ಹೆಸರು ಇಂಗ್ಲಿಷ್ ಗ್ರಂಥಗಳಲ್ಲಿ ಪ್ರಸಿದ್ಧಿಗೆ ಬಂದುದು ಒಂದು ಯುದ್ಧದಿಂದ. ೧೭೯೯ನೆಯ ಇಸವಿ ಮಾರ್ಚ್ ೨೭ರಂದು ಜನರಲ್ ಹ್ಯಾರಿಸನ ಸೇನೆಗೂ ಟೀಪೂ ಸುಲ್ತಾನನ ಸೇನೆಗೂ ಇಲ್ಲಿ ಕಾಳಗವಾಯಿತು. ನಿಜಾಮನ ಕಡೆಯ ದಂಡಿನೊಡನೆ ಆರ್ಥರ್ ವೆಲ್ಲೆಸ್ಲಿಯೂ ಇದ್ದನು. ಆ ಬಳಿಕ ಹ್ಯಾರಿಸನು ಸೋಸಲೆಯ ಬಳಿಯಲ್ಲಿ ಕಾವೇರಿಯನ್ನು ದಾಟಿದನು. ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಈ ಕಾಳಗವನ್ನು ಅವರು ‘ಮಲ್ಲವೆಲ್ಲಿ’ಯ ಯುದ್ಧವೆಂದು ಬರೆದರು, ‘ಮಾಲವೆಲ್ಲಿ’ ಎಂದವರೂ ‘ಮಾಲ್ವಿಲ್ಲಿ’ ಎಂದವರೂ ಉಂಟು. ದಂಡಿನವರು ಕಿವಿಗೆ ಬಿದ್ದಂತೆ ಬರೆದುಕೊಂಡವರು. ಅವರನ್ನು ದೂರುವುದು ನ್ಯಾಯವಲ್ಲ. ಶ್ರೀರಂಗಪಟ್ಟಣವು ‘ಸೆರಿಂಗಪಟಂ’ ಆದದ್ದೂ ಹೀಗೆಯೇ. ಆದರೆ ಫಲವನ್ನು ನೋಡಿರಿ. ಇಂದು ನಮ್ಮ ಊರಿನ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಈ ಯುದ್ಧವನ್ನು ಕುರಿತು ಓದಬೇಕೆಂದು ಇಂದಿನ ಕಾಗುಣಿತದಲ್ಲಿ ಊರ ಹೆಸರನ್ನು ಜಾಲದಲ್ಲಿ ಹುಡುಕಿದರೆ, ಆ ಕಾಲದ ಕಾಗದಪತ್ರಗಳಲ್ಲಿ ಬಹುಭಾಗವು ಅವನ ಕಣ್ಣಿಗೆ ಬೀಳುವುದಿಲ್ಲ. ಅವು ಬೇರೊಂದು ಹೆಸರಿನಡಿಯಲ್ಲಿ ಮಲಗಿವೆ.

ಕ್ರಮವಾದ ವಿಧಾನವೇ ಆಗ ಇರಲಿಲ್ಲವೆಂದಲ್ಲ. ಆ ಯುದ್ಧಕ್ಕೆ ಹನ್ನೊಂದು ವರ್ಷ ಮೊದಲೇ, ೧೭೮೮ರಲ್ಲಿ, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಶೋಧನ ಗ್ರಂಥಮಾಲೆಯ ಪ್ರಥಮ ಸಂಪುಟದಲ್ಲಿ ಸರ್ ವಿಲಿಯಂ ಜೋನ್ಸ್ ಮಹಾಶಯರು ಪೌರಸ್ತ್ಯ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಗೆಯನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದ್ದರು. ಒಂದು ಮೂಲಾಕ್ಷರಕ್ಕೆ ಒಂದು ನಿಯತವಾದ ಸಂಕೇತವಿರಬೇಕು, ಅಕ್ಷರಗಳು ಸಾಲದಾದಾಗ ಮೇಲೆ ಗೆರೆಯನ್ನೋ ಚಿಹ್ನೆಯನ್ನೋ ಇಟ್ಟು ಭೇದವನ್ನು ಕಾಪಾಡಬೇಕು ಎಂಬುದು ಆ ದಾರಿಯ ತಿರುಳು. ಮುಂದಣ ವಿದ್ವಾಂಸರು ಅದನ್ನು ಬೆಳೆಸಿ, ಮೂರ್ಧನ್ಯಗಳಾದ ಟ ಡ ಣ ಳಗಳಿಗೆ ಅಕ್ಷರದ ಕೆಳಗೆ ಒಂದು ಬಿಂದುವನ್ನು ಇಡುವ ಪದ್ಧತಿಯನ್ನು ರೂಢಿಗೆ ತಂದರು. ರೋಮನ್ನಿನ ಎಲ್ ಅಕ್ಷರದ ಕೆಳಗಣ ಆ ಒಂದು ಚುಕ್ಕಿಯೇ ನಮ್ಮ ಳಕಾರದ ಪ್ರಾಣ. ಅದಿದ್ದರೆ ಮಳವಳ್ಳಿ, ಅದಿಲ್ಲದಿದ್ದರೆ ಮಲವಲ್ಲಿ.

ಚುಕ್ಕಿಯನ್ನು ಮೊದಲು ಅಳಿಸಿದುದು ಸರಕಾರ. ೧೮೭೦ರ ದಶಕದಲ್ಲಿ ದೇಶದ ಊರುಗಳ ಹೆಸರುಗಳನ್ನೆಲ್ಲ ಏಕರೀತಿಯಾಗಿ ಬರೆಯಬೇಕೆಂದು ಹೊರಟಾಗ ಸರ್ ವಿಲಿಯಂ ಹಂಟರ್ ಎಂಬ ಅಧಿಕಾರಿಗಳು ಒಂದು ಕ್ರಮವನ್ನು ಸಿದ್ಧಪಡಿಸಿದರು. ಗುಮಾಸ್ತರೂ ಮುದ್ರಣಾಲಯದವರೂ ಸುಲಭವಾಗಿ ಬಳಸುವಂತಿರಬೇಕೆಂಬುದು ಅವರ ಉದ್ದೇಶ. ದೀರ್ಘಸ್ವರಗಳ ಮೇಲಣ ಗುರುತನ್ನು ಉಳಿಸಿ, ವ್ಯಂಜನಗಳ ಕೆಳಗಣ ಬಿಂದುಗಳನ್ನು ಅವರು ಕೈಬಿಟ್ಟರು. ಆಗಲೇ ರೂಢವಾಗಿದ್ದ ದೊಡ್ಡ ಊರುಗಳ ಕಾಗುಣಿತವನ್ನು ಇದ್ದಂತೆಯೇ ಬಿಟ್ಟರು. ಹಂಟರ್ ಕ್ರಮಕ್ಕೆ ಗುಣವಿಲ್ಲದೆ ಇಲ್ಲ. ಮನಬಂದಂತೆ ಬರೆಯುತ್ತಿದ್ದ ಅರಾಜಕತೆಯನ್ನು ಅದು ತಕ್ಕಮಟ್ಟಿಗೆ ನಿಲ್ಲಿಸಿತು. ಆದರೆ ಲ-ಳ, ನ-ಣ, ತ-ಟ ಇವುಗಳ ಭೇದವು ಸರಕಾರದ ಕಾಗದಗಳಿಂದ ಹೊರಟುಹೋದುದು ಆಗಲೇ. ಭಾರತ ಸರಕಾರದ ಲಿಪ್ಯಂತರ ಕ್ರಮಕ್ಕೆ ಇಂದಿಗೂ ಅದೇ ಆಧಾರವಾಗಿರುವುದು ಸೋಜಿಗವಲ್ಲ. ಕಛೇರಿಯಲ್ಲಿ ಒಮ್ಮೆ ಕುಳಿತ ಪದ್ಧತಿಯನ್ನು ಎಬ್ಬಿಸುವವರಾರು!

ತ-ಟಗಳ ವಿಷಯದಲ್ಲಿ ನಮ್ಮ ದಕ್ಷಿಣದವರು ತಮಗೆ ತಾವೇ ಒಂದು ಉಪಾಯವನ್ನು ಮಾಡಿಕೊಂಡರು. ಟಕಾರಕ್ಕೆ ಬರಿಯ ಟೀ ಎಂಬ ಅಕ್ಷರ, ತಕಾರಕ್ಕೆ ಅದರ ಮುಂದೆ ಎಚ್ ಸೇರಿಸಿ ಬರೆಯುವುದು. ಉತ್ತರದವರು ಅದನ್ನು ಥಕಾರವೆಂದು ಓದುತ್ತಾರೆ. ಆದುದರಿಂದ ನಮ್ಮ ತಾಲ್ಲೂಕಿನ ಕಾವೇರಿತೀರದ ಮುತ್ತತ್ತಿಯು ಕೆಲವರ ಬಾಯಲ್ಲಿ ‘ಮುಥಥಿ’ಯಾಗಿ, ಹನುಮಂತದೇವರಿಗೂ ಗುರುತು ಸಿಕ್ಕದಂತಾಗಿದೆ. ಶಿವನಸಮುದ್ರದ ಪಾಡು ಇನ್ನೂ ಸ್ವಾರಸ್ಯವಾದದ್ದು. ೧೯೦೨ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋದಾಗ, ಅದರೊಡನೆ ‘ಸಿವಸಮುದ್ರಂ’ ಎಂಬ ಹೆಸರೂ ಜಗತ್ತಿಗೆ ಹೋಯಿತು. ಶಕಾರವು ಸಕಾರವಾಯಿತು, ನಡುವಣ ಷಷ್ಠಿಯ ನಕಾರವು ಬಿದ್ದುಹೋಯಿತು, ಕೊನೆಗೆ ತಮಿಳಿನ ಮಕಾರವೊಂದು ಸೇರಿಕೊಂಡಿತು. ಇಂದು ಜಾಲವಿಳಾಸಗಳಲ್ಲಿ ಆ ಒಂದು ಜಲಪಾತಕ್ಕೆ ನಾಲ್ಕು ಕಾಗುಣಿತಗಳನ್ನು ನಾನೇ ಕಂಡಿದ್ದೇನೆ.

ಸರಕಾರವು ಬಿಟ್ಟ ಚುಕ್ಕಿಯನ್ನು ವಿದ್ವಾಂಸರು ಬಿಡಲಿಲ್ಲ. ೧೮೯೪ನೆಯ ವರ್ಷವು ಈ ದೃಷ್ಟಿಯಿಂದ ಕನ್ನಡಕ್ಕೆ ಶುಭವರ್ಷವೆಂದು ಹೇಳಬೇಕು. ಜಿನೀವಾ ನಗರದಲ್ಲಿ ನೆರೆದ ಪ್ರಾಚ್ಯವಿದ್ಯಾ ಸಮ್ಮೇಳನವು ಸಂಸ್ಕೃತದ ಲಿಪ್ಯಂತರಕ್ಕೆ ಒಂದು ಮಾದರಿಯನ್ನು ಒಪ್ಪಿಕೊಂಡುದು ಆ ವರ್ಷ. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕಿಟ್ಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದುದು ಆ ವರ್ಷ. ಬಿ. ಎಲ್. ರೈಸ್ ಮಹಾಶಯರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟವು ಪ್ರಕಟವಾದುದೂ ಆ ವರ್ಷವೇ. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಈ ಸಂಪುಟದಲ್ಲಿವೆ. ಮಂಡ್ಯವು ಬೇರೆ ಜಿಲ್ಲೆಯಾದದ್ದು ೧೯೩೯ರಲ್ಲಿ. ಶಾಸನಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಿ, ನಮ್ಮ ಹೊಲಗದ್ದೆಗಳ ಬದಿಯಲ್ಲಿ ನಿಂತಿದ್ದ ಕಲ್ಲುಗಳ ಮಾತನ್ನು ಅವರು ಲೋಕಕ್ಕೆ ಮುಟ್ಟಿಸಿದರು.

ರೈಸರು ಮಾಡಿದ ಇನ್ನೊಂದು ಕೆಲಸವು ನನ್ನ ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಪ್ರತಿಯೊಂದು ಶಾಸನಕ್ಕೂ ಅವರು ತಾಲ್ಲೂಕಿನ ಹೆಸರಿನ ಎರಡಕ್ಷರವನ್ನೂ ಒಂದು ಸಂಖ್ಯೆಯನ್ನೂ ಕೊಟ್ಟರು. ಮಳವಳ್ಳಿಗೆ ಎಮ್ ಮತ್ತು ಎಲ್. ಮಂಡ್ಯಕ್ಕೆ ಎಮ್ ಮತ್ತು ಡಿ. ಅದರ ಮುಂದೆ ಸಂಖ್ಯೆ. ಅಷ್ಟೇ. ಈ ಎರಡಕ್ಷರಗಳಲ್ಲಿ ಳಕಾರದ ಚುಕ್ಕಿಯಿಲ್ಲ, ದೀರ್ಘದ ಗೆರೆಯಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಅದು ಹೆಸರಲ್ಲ, ಗುರುತು. ಹೆಸರನ್ನು ಒಳಗಣ ಪಾಠದಲ್ಲಿ ಕನ್ನಡದಲ್ಲಿಯೇ ಸರಿಯಾಗಿ ಬರೆದಿದೆ. ನೂರಮೂವತ್ತು ವರ್ಷಗಳಿಂದ ಚರಿತ್ರಕಾರರು ಆ ಗುರುತನ್ನು ಹಿಡಿದು ಶಾಸನವನ್ನು ತಲುಪುತ್ತಿದ್ದಾರೆ. ತರುಣನಿಗೆ ಇದನ್ನು ತೋರಿಸಿದಾಗ, “ಮೇಷ್ಟ್ರೇ, ಇದೇ ಅಲ್ಲವೇ ಸ್ಲಗ್ಗು!” ಎಂದು ಅವನು ಅಚ್ಚರಿಗೊಂಡನು.

ಗುರುತು ಬದಲಾದರೆ ಏನಾಗುವುದೆಂಬುದಕ್ಕೂ ಉದಾಹರಣೆಯು ಅಲ್ಲಿಯೇ ಇದೆ. ಮಳವಳ್ಳಿ ಎಂಬ ಹೆಸರಿನ ಇನ್ನೊಂದು ಊರು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಿಯ ಕಂಬದ ಮೇಲೆ ಸಾತಕರ್ಣಿಯೊಬ್ಬನ ಪ್ರಾಕೃತ ಶಾಸನವೂ ಕದಂಬರ ಶಾಸನವೂ ಇರುವುದರಿಂದ ಅದು ಇತಿಹಾಸದಲ್ಲಿ ನಮ್ಮೂರಿಗಿಂತ ಹೆಚ್ಚು ಖ್ಯಾತವಾದುದು. ಅದು ಅಚ್ಚಾದುದು ರೈಸರ ಏಳನೆಯ ಸಂಪುಟದಲ್ಲಿ, ೧೯೦೨ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದವರು ಈ ಸಂಪುಟಗಳನ್ನು ಪರಿಷ್ಕರಿಸಿ ಹೊಸದಾಗಿ ಪ್ರಕಟಿಸಿದಾಗ, ನಮ್ಮ ಮಳವಳ್ಳಿಯ ಶಾಸನಗಳು ಮೂರನೆಯ ಸಂಪುಟದಿಂದ ಎದ್ದು ಏಳನೆಯದಕ್ಕೆ ಬಂದವು. ಆದುದರಿಂದ ಈಗ ‘ಏಳನೆಯ ಸಂಪುಟ, ಮಳವಳ್ಳಿ’ ಎಂದಷ್ಟೇ ಬರೆದರೆ ಹಳೆಯ ಏಳೋ ಹೊಸ ಏಳೋ, ಊರು ಮಲೆನಾಡಿನದೋ ಬಯಲುಸೀಮೆಯದೋ ತಿಳಿಯುವಂತಿಲ್ಲ. ಬಲ್ಲವರು ಪರಿಷ್ಕೃತವೆಂಬ ಸೂಚನೆಯನ್ನು ಸೇರಿಸಿ ಬರೆಯುತ್ತಾರೆ, ಅರೆಬಲ್ಲವರು ಎಡವುತ್ತಾರೆ. ಪರಿಷ್ಕರಣವು ಅವಶ್ಯವೇ ಆಗಿತ್ತು, ಅದರ ವಿಷಯದಲ್ಲಿ ನನ್ನ ಆಕ್ಷೇಪವಿಲ್ಲ. ವಿಳಾಸವನ್ನು ಬದಲಿಸಿದಾಗ ಹಳೆಯ ಮನೆಯ ಬಾಗಿಲಲ್ಲಿ ಒಂದು ಚೀಟಿಯನ್ನು ಅಂಟಿಸಿ ಹೋಗಬೇಕೆಂಬುದು ಮಾತ್ರ ನನ್ನ ಅಭಿಪ್ರಾಯ. ಈ ವಿಶ್ವವ್ಯಾಪಿ ಜಾಲವನ್ನು (ವರ್ಲ್ಡ್ ವೈಡ್ ವೆಬ್) ನಿರ್ಮಿಸಿದ ಟಿಮ್ ಬರ್ನರ್ಸ್-ಲೀ ಎಂಬವರೂ ೧೯೯೮ರಲ್ಲಿ ಇದೇ ಅರ್ಥದ ಮಾತನ್ನು ಬರೆದು, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿರೆಂದು ಕೇಳಿಕೊಂಡಿದ್ದಾರೆ.

ಇನ್ನು ಯಂತ್ರಯುಗಕ್ಕೆ ಬರೋಣ. ೧೯೬೩ರಲ್ಲಿ ಅಮೆರಿಕದವರು ಆಸ್ಕಿ ಎಂಬ ಸಂಕೇತಪಟ್ಟಿಯನ್ನು ಗೊತ್ತುಮಾಡಿದರು. ಅದರಲ್ಲಿ ಒಟ್ಟು ೧೨೮ ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಫ್ರೆಂಚರ ಸ್ವರಚಿಹ್ನೆಗಳಿಗೇ ಅಲ್ಲಿ ಎಡೆಯಿರಲಿಲ್ಲವೆಂದ ಮೇಲೆ ನಮ್ಮ ಮಾತೇನು! ಈ ಇಕ್ಕಟ್ಟಿನಲ್ಲಿ ಕನ್ನಡ, ಸಂಸ್ಕೃತಗಳನ್ನು ಬರೆಯಬಯಸಿದವರು ಜಾಣತನದಿಂದ ಒಂದು ದಾರಿಯನ್ನು ಕಂಡುಕೊಂಡರು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಎರಡು ಸಾಲುಗಳಿವೆಯಷ್ಟೆ. ಚಿಕ್ಕ ಎಲ್ ಲಕಾರಕ್ಕೆ, ದೊಡ್ಡ ಎಲ್ ಳಕಾರಕ್ಕೆ. ಚಿಕ್ಕ ಎನ್ ನಕಾರಕ್ಕೆ, ದೊಡ್ಡ ಎನ್ ಣಕಾರಕ್ಕೆ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿಯೂ, ೧೯೯೮ರಲ್ಲಿ ಬಂದ ಬರಹ ತಂತ್ರಾಂಶದಲ್ಲಿಯೂ ಈ ಉಪಾಯವೇ ಇರುವುದು. ನಾನು ಅರುವತ್ತರ ಮೇಲೆ ಬೆರಳಚ್ಚು ಕಲಿತದ್ದೂ ಹೀಗೆಯೇ. ಜೋನ್ಸರ ಪರಂಪರೆಯ ಚುಕ್ಕಿಯು ದೊಡ್ಡಕ್ಷರದ ವೇಷದಲ್ಲಿ ಮರಳಿ ಬಂದಿತೆಂದು ಹೇಳಬಹುದು.

ಆದರೆ ವಿಳಾಸದ ಬಾಗಿಲಲ್ಲಿ ಈ ವೇಷಕ್ಕೂ ಪ್ರವೇಶವಿಲ್ಲ. ಜಾಲತಾಣಗಳ ಹೆಸರಿಗೆ ೧೯೮೭ರಲ್ಲಿ ನಿಯಮಗಳನ್ನು ಬರೆದಾಗ, ಇಪ್ಪತ್ತಾರು ಅಕ್ಷರ, ಹತ್ತು ಅಂಕೆ, ಒಂದು ಅಡ್ಡಗೆರೆ, ಹೀಗೆ ೩೭ ಚಿಹ್ನೆಗಳನ್ನಷ್ಟೇ ಬಳಸುವುದೆಂದಾಯಿತು. ಹೆಸರಿನ ಒಂದು ತುಂಡಿನಲ್ಲಿ ೬೩ಕ್ಕಿಂತ ಹೆಚ್ಚು ಚಿಹ್ನೆಗಳಿರಕೂಡದು. ದೊಡ್ಡಕ್ಷರ ಚಿಕ್ಕಕ್ಷರಗಳಿಗೆ ಭೇದವಿಲ್ಲ. ತಾಣದ ಹೆಸರಿನ ಮುಂದೆ ಬರುವ ಲೇಖನದ ಹೆಸರಿಗೆ ಈ ಕಟ್ಟುಪಾಡು ಅಷ್ಟು ಬಿಗಿಯಿಲ್ಲವಾದರೂ, ಎಲ್ಲವನ್ನೂ ಚಿಕ್ಕಕ್ಷರದಲ್ಲಿಯೇ ಬರೆಯುವುದು ರೂಢಿ. ಹೀಗೆ ಳಕಾರವು ಎರಡನೆಯ ಸಲವೂ ಸೋತಿತು.

ಯಂತ್ರವು ಈ ಶುದ್ಧೀಕರಣವನ್ನು ಹೇಗೆ ಮಾಡುತ್ತದೆಂಬುದನ್ನು ತರುಣನು ಕುಳಿತು ವಿವರಿಸಿದನು. ಚಿಹ್ನೆಯುಳ್ಳ ಯುರೋಪಿನ ಅಕ್ಷರ ಬಂದರೆ, ಅದನ್ನು ಮೂಲಾಕ್ಷರವೊಂದು, ಚಿಹ್ನೆಯೊಂದು ಎಂದು ಬಿಡಿಸಿ, ಚಿಹ್ನೆಯನ್ನು ಬಿಸಾಡಿ ಅಕ್ಷರವನ್ನು ಇಟ್ಟುಕೊಳ್ಳುತ್ತದೆ. ನಮ್ಮ ಪಾಠಶಾಲೆಯಲ್ಲಿ ಸಂಧಿ ಬಿಡಿಸಿದಂತೆಯೇ. ಆದರೆ ಬಿಡಿಸಿದುದರಲ್ಲಿ ಅರ್ಧವನ್ನು ಒಲೆಗೆ ಹಾಕುವುದು ಅಲ್ಲಿಯ ವಿಶೇಷ. ಇದೇ ಸೂತ್ರವನ್ನು ವಿವೇಚನೆಯಿಲ್ಲದೆ ಕನ್ನಡಕ್ಕೆ ಅನ್ವಯಿಸಿದರೆ ಅನರ್ಥವಾಗುತ್ತದೆ. ೧೯೯೧ರಲ್ಲಿ ಮೊದಲು ಹೊರಟ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ನಮ್ಮ ಲಿಪಿಗೂ ಸ್ಥಾನವಿದೆ. ಅಲ್ಲಿ ನಮ್ಮ ಗುಣಿತದ ಚಿಹ್ನೆಗಳೂ ವಿರಾಮವೂ ಅನುಸ್ವಾರವೂ ‘ಚಿಹ್ನೆ’ಗಳೆಂಬ ವರ್ಗಕ್ಕೆ ಸೇರಿವೆ. ಚಿಹ್ನೆಗಳೆಲ್ಲವನ್ನೂ ಬಿಸಾಡೆಂದು ಆಜ್ಞಾಪಿಸಿದರೆ ಮಳವಳ್ಳಿಯು ‘ಮಳವಳಳ’ ಎಂದಾಗುತ್ತದೆ, ಮಂಡ್ಯವು ‘ಮಡಯ’, ಮದ್ದೂರು ‘ಮದದರ’. ಮೊದಲ ವರ್ಷದ ಮಗುವು ಕಾಗುಣಿತ ಕಲಿಯುವ ಮೊದಲು ಬರೆಯುವುದು ಹೀಗೆ. ಇನ್ನು ಕೆಲವು ತಂತ್ರಾಂಶಗಳು ರೋಮನ್ನಿನಲ್ಲದ ಅಕ್ಷರಗಳನ್ನೆಲ್ಲ ಕಸವೆಂದು ಗುಡಿಸಿಹಾಕುತ್ತವೆ. ಆಗ ಪೂರ್ಣ ಕನ್ನಡದ ಶೀರ್ಷಿಕೆಯು ಶೂನ್ಯವಾಗಿ ಉಳಿಯುವುದು.

ಸರಿಯಾಗಿ ಮಾಡಬೇಕಾದರೆ ಯಂತ್ರಕ್ಕೆ ನಮ್ಮ ಲಿಪಿಯ ಸ್ವಭಾವವನ್ನು ಕಲಿಸಬೇಕು. ಪ್ರತಿ ವ್ಯಂಜನದಲ್ಲಿಯೂ ಅಕಾರವೊಂದು ಅಡಗಿದೆ. ಗುಣಿತದ ಚಿಹ್ನೆ ಬಂದರೆ ಆ ಅಕಾರವು ಹೊರಡಬೇಕು. ವಿರಾಮ ಬಂದರೆ ಸ್ವರವೇ ಇರಕೂಡದು. ಇಷ್ಟನ್ನು ಕಲಿಸಿದ ತಂತ್ರಾಂಶಗಳಿವೆ. ಅವು ೨೦೦೧ರ ಅಂತಾರಾಷ್ಟ್ರೀಯ ಲಿಪ್ಯಂತರ ನಿಯಮದಂತೆ, ಹದಿನೈದು ಸಾವಿರದ ಒಂಬೈನೂರ ಹತ್ತೊಂಬತ್ತೆಂಬ ಸಂಖ್ಯೆಯುಳ್ಳದ್ದು ಅದು, ಮಳವಳ್ಳಿಯನ್ನು ಚುಕ್ಕಿಯೊಡನೆ ನಿರ್ದುಷ್ಟವಾಗಿ ಬರೆಯಬಲ್ಲವು. ಆದರೆ ವಿಳಾಸಕ್ಕೆ ಹೊರಟೊಡನೆ ಮೊದಲು ಹೇಳಿದ ಶುದ್ಧೀಕರಣಕ್ಕೆ ಸಿಕ್ಕಿ ಆ ಚುಕ್ಕಿಯು ಮತ್ತೆ ಬಿದ್ದುಹೋಗುತ್ತದೆ. ಹಂಟರ್ ಸಾಹೇಬರು ನೂರೈವತ್ತು ವರ್ಷಗಳ ಹಿಂದೆ ಮಾಡಿದ್ದನ್ನೇ ಯಂತ್ರವು ಕ್ಷಣಕ್ಷಣವೂ ಮಾಡುತ್ತಿದೆ.

ಅನ್ಯಭಾಷೆಯವರು ಏನು ಮಾಡಿದರು? ಜರ್ಮನರಿಗೆ ಹಳೆಯ ರೂಢಿಯೊಂದಿದೆ: ಸ್ವರದ ಮೇಲಣ ಎರಡು ಚುಕ್ಕಿಯನ್ನು ಬಿಡಬೇಕಾದಾಗ ಆ ಸ್ವರದ ಮುಂದೆ ಇ ಅಕ್ಷರವನ್ನು ಸೇರಿಸುವರು, ಭೇದವು ಉಳಿಯುತ್ತದೆ. ನಮ್ಮ ನೆರೆಯವರಾದ ತಮಿಳರೂ ಮಲೆಯಾಳಿಗಳೂ ತಮ್ಮ ವಿಶಿಷ್ಟವಾದ ೞಕಾರಕ್ಕೆ ಝಡ್ ಮತ್ತು ಎಚ್‌ಗಳ ಜೋಡಿಯನ್ನು ಗೊತ್ತುಮಾಡಿಕೊಂಡು, ಕೋಝಿಕ್ಕೋಡು, ಆಲಪ್ಪುಝ ಎಂಬ ಹೆಸರುಗಳಲ್ಲಿ ಹಠದಿಂದ ಉಳಿಸಿಕೊಂಡಿದ್ದಾರೆ. ಹೊರಗಿನವರು ತಪ್ಪಾಗಿ ಓದಿದರೂ ಒಳಗಿನವರಿಗೆ ಗುರುತು ಸಿಕ್ಕುತ್ತದೆ. ಕನ್ನಡಿಗರಾದ ನಾವು ಳಕಾರಕ್ಕೆ ಅಂತಹ ಯಾವ ಜೋಡಿಯನ್ನೂ ಕಟ್ಟಿಕೊಳ್ಳಲಿಲ್ಲ. ೨೦೧೪ನೆಯ ನವೆಂಬರ್ ೧ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಿದ್ದಿದಾಗ ಅದಕ್ಕೆ ಸುಸಮಯ ಒದಗಿತ್ತು. ಬೆಂಗಳೂರಿಗೆ ಕೊನೆಯ ಉಕಾರ ಬಂದಿತು, ಬೆ ಎಂಬ ಆದಿಸ್ವರ ಬಂದಿತು. ಬಳ್ಳಾರಿಯೂ ಹುಬ್ಬಳ್ಳಿಯೂ ಮಂಗಳೂರೂ ಬೆಳಗಾವಿಯೂ ಸುಧಾರಿಸಿದವು. ಆದರೆ ಆ ಐದು ಹೆಸರುಗಳಲ್ಲಿಯೂ ಇರುವ ಳಕಾರವು ಲಕಾರವಾಗಿಯೇ ಉಳಿಯಿತು.

ಇಷ್ಟೆಲ್ಲ ಏತಕ್ಕೆ, ವಿಳಾಸವು ತಲುಪಿದರೆ ಸಾಲದೇ ಎಂದು ವಾಚಕರು ಕೇಳಬಹುದು. ತಲುಪಿದರೆ ಸಾಕು; ಅದರಲ್ಲಿ ನನಗೂ ಸಂದೇಹವಿಲ್ಲ. ಅಂಚೆಯ ಪಿನ್ ಸಂಖ್ಯೆಯಲ್ಲಿ ಊರಿನ ಸೊಗಸನ್ನು ಯಾರೂ ಹುಡುಕುವುದಿಲ್ಲ. ಕೇಡು ಹುಟ್ಟುವುದು, ಗುರುತನ್ನೇ ಹೆಸರೆಂದು ತಿಳಿದು ಅದರಿಂದ ಹೆಸರನ್ನು ಮರಳಿ ಕಟ್ಟಲು ಹೊರಟಾಗ. ನಮ್ಮ ಬೀದಿಯ ರೈತರೊಬ್ಬರ ಹೆಸರಿನಲ್ಲಿ ಕಾಳ ಎಂಬ ಶಬ್ದವಿದೆ. ಸಂಸ್ಕೃತದ ಕಾಲ ಶಬ್ದವೇ ಕನ್ನಡದಲ್ಲಿ ಕಾಳವಾದದ್ದು. ಕೇಶಿರಾಜನ ಕ್ಷಳಕ್ಕೆ ಲಕ್ಷ್ಯವಾಗಿ ಪಾಠ ಹೇಳಬಹುದಾದಂಥದು. ಕಛೇರಿಯೊಂದರಲ್ಲಿ ಅವರ ಹೆಸರನ್ನು ರೋಮನ್ನಿನಲ್ಲಿ ಬರೆದಿಟ್ಟು, ಅಲ್ಲಿಂದ ಯಂತ್ರದ ಮೂಲಕ ಕನ್ನಡಕ್ಕೆ ತಿರುಗಿಸಿದಾಗ ಅದು ಕಾಲ ಎಂದಾಯಿತು. ಪಹಣಿಯಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಹೆಸರು. ಇಬ್ಬರೂ ಒಬ್ಬರೇ ಎಂದು ಸಿದ್ಧಪಡಿಸುವುದಕ್ಕೆ ಅವರು ಕಬ್ಬಿಗೆ ನೀರು ಹಾಯಿಸುವುದನ್ನು ಬಿಟ್ಟು ನಾಲ್ಕು ದಿವಸ ಅಲೆದರು. ನಾನೂ ಒಂದು ದಿವಸ ಜೊತೆಗೆ ಹೋಗಿ, ಲಕಾರ ಳಕಾರಗಳ ಭೇದವನ್ನು ಗುಮಾಸ್ತರಿಗೆ ವಿವರಿಸಿದೆನು. ಅವರು ಸೌಜನ್ಯದಿಂದ ಕೇಳಿ, ಪ್ರಮಾಣಪತ್ರವನ್ನು ತನ್ನಿರೆಂದರು.

ಹಾಗಾದರೆ ಕನ್ನಡ ಲಿಪಿಯನ್ನೇ ವಿಳಾಸದಲ್ಲಿ ಇಟ್ಟುಬಿಡಬಾರದೇಕೆ? ಇಡಬಹುದು, ಇಟ್ಟವರೂ ಇದ್ದಾರೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳ ವಿಳಾಸವು ಕನ್ನಡ ಅಕ್ಷರಗಳಲ್ಲಿಯೇ ಇರುತ್ತದೆ. ಅದನ್ನು ಕಂಡಾಗ ನನಗೆ ಸಂತೋಷವಾಯಿತು. ಆದರೆ ಆ ವಿಳಾಸವನ್ನು ನಕಲುಮಾಡಿ ಪತ್ರದಲ್ಲಿ ಸೇರಿಸಹೋದಾಗ ಸಂತೋಷವು ಇಳಿಯಿತು. ನಮ್ಮ ಒಂದೊಂದು ಸಂಕೇತವನ್ನು ಯಂತ್ರವು ಮೂರು ತುಂಡಾಗಿ ಇಟ್ಟುಕೊಳ್ಳುತ್ತದೆ. ವಿಳಾಸದಲ್ಲಿ ಒಂದೊಂದು ತುಂಡನ್ನೂ ಶೇಕಡಾ ಗುರುತು ಮತ್ತು ಎರಡು ಚಿಹ್ನೆಗಳಿಂದ ಬರೆಯುತ್ತದೆ. ಮಳವಳ್ಳಿ ಎಂಬಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ವಿರಾಮ ಗುಣಿತಗಳನ್ನು ಬಿಡಿಸಿ ಎಣಿಸಿದರೆ ಏಳು ಸಂಕೇತ. ಏಳು ಮೂರಲ ಇಪ್ಪತ್ತೊಂದು ತುಂಡು. ಇಪ್ಪತ್ತೊಂದು ಮೂರಲ ೬೩ ಚಿಹ್ನೆ. ನಾಲ್ಕಕ್ಷರದ ಊರಿಗೆ ಅರುವತ್ತಮೂರು ಚಿಹ್ನೆಗಳ ಮೆರವಣಿಗೆ! ಪತ್ರ ತಲುಪಿದವರು ಅದನ್ನು ಯಾವುದೋ ಮೋಸದ ಕೊಂಡಿಯೆಂದು ಭಯಪಟ್ಟು ಮುಟ್ಟಲೇ ಇಲ್ಲ. ತಾಣದ ಹೆಸರುಗಳಿಗೂ ೨೦೦೩ರಲ್ಲಿ ಪ್ಯೂನಿಕೋಡ್ ಎಂಬ ಉಪಾಯವನ್ನು ಕಂಡುಹಿಡಿದು, ಯಾವ ಲಿಪಿಯನ್ನಾದರೂ ಆ ೩೭ ಚಿಹ್ನೆಗಳೊಳಗೆ ಅಡಗಿಸಿ ಮತ್ತೆ ಬಿಚ್ಚುವಂತೆ ಮಾಡಿದ್ದಾರೆ. ಕನ್ನಡದಲ್ಲಿ ‘ಭಾರತ’ ಎಂಬ ಅಂತ್ಯಪದವುಳ್ಳ ತಾಣಗಳು ಹೀಗೆ ಸಾಧ್ಯವಾಗಿವೆ. ನೋಟಕ್ಕೆ ಅದು ಭಾರತ. ಯಂತ್ರದ ಒಡಲಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, ಅನಂತರ ಅಂಕೆಯೂ ಅಕ್ಷರವೂ ಬೆರೆತ ಏಳು ಚಿಹ್ನೆಗಳು. ಓದಲು ಬಾರದಿದ್ದರೂ ಇದರಲ್ಲಿ ಒಂದು ಗುಣವಿದೆ. ಅಡಗಿಸಿದುದರಲ್ಲಿ ಒಂದು ವರ್ಣವೂ ನಷ್ಟವಾಗುವುದಿಲ್ಲ. ಬಿಚ್ಚಿದರೆ ಳಕಾರವು ಳಕಾರವಾಗಿಯೇ ಬರುತ್ತದೆ. ಓದಲು ಬರುವ ರೋಮನ್ ವಿಳಾಸವು ಕಳೆದುಕೊಂಡದ್ದನ್ನು ಓದಲು ಬಾರದ ಈ ವಿಳಾಸವು ಕಾಪಾಡಿಕೊಂಡಿರುವುದು ವಿಚಿತ್ರವೇ ಸರಿ.

ಕೊನೆಗೆ ನಮ್ಮ ಸಂಘದಲ್ಲಿ ಗೊತ್ತುಮಾಡಿಕೊಂಡುದು ಇಷ್ಟು. ರೈಸರ ದಾರಿಯನ್ನು ಹಿಡಿದು, ಪ್ರತಿ ಲೇಖನದ ವಿಳಾಸದಲ್ಲಿ ಸಂಪುಟ ಸಂಚಿಕೆಗಳ ಸಂಖ್ಯೆಯನ್ನೂ, ಅದರ ಮುಂದೆ ಚುಕ್ಕಿಯಿಲ್ಲದ ರೋಮನ್ ಅಕ್ಷರದ ಕಿರುಹೆಸರನ್ನೂ ಇಡುವುದು. ಸಂಖ್ಯೆಯಿರುವುದರಿಂದ ಬಳೆಗಾರರೂ ಬಲೆಗಾರರೂ ಇನ್ನು ಡಿಕ್ಕಿ ಹೊಡೆಯುವುದಿಲ್ಲ. ಹೆಸರು ಮಾತ್ರ ಪುಟದ ನೆತ್ತಿಯಲ್ಲಿ ಕನ್ನಡದಲ್ಲಿಯೇ ಇರುವುದು. ಯಾವ ಕಾರಣಕ್ಕೂ ವಿಳಾಸದಿಂದ ಹೆಸರನ್ನು ಕಟ್ಟಕೂಡದು. ತರುಣನು ಹಳೆಯ ವಿಳಾಸಗಳನ್ನು ಅಳಿಸಿಬಿಡೋಣವೆಂದನು. ಆದರೆ ಅಷ್ಟರಲ್ಲಿಯೇ ಪರದೇಶದಲ್ಲಿರುವ ವಾಚಕರೊಬ್ಬರು ಬಲೆಗಾರರ ಲೇಖನವನ್ನು ಓದಿ, ಅದರ ವಿಳಾಸವನ್ನು ತಮ್ಮ ಬಂಧುಗಳಿಗೆ ಕಳುಹಿಸಿದ್ದರು. ಆದುದರಿಂದ ಬಾಲದಲ್ಲಿ ೨ನ್ನು ಹೊತ್ತ ಆ ವಿಳಾಸವನ್ನೂ ಉಳಿಸಿದ್ದೇವೆ. ಅದನ್ನು ಒತ್ತಿದವರು ಹೊಸ ಮನೆಗೇ ಬಂದು ಸೇರುತ್ತಾರೆ.

ಇದರೊಡನೆ ಮೂರು ತಾಲ್ಲೂಕುಗಳ ಊರುಗಳ ಹೆಸರನ್ನು ಕನ್ನಡದಲ್ಲಿ ಶುದ್ಧವಾಗಿ ಬರೆದು, ಒಂದೊಂದರ ಮುಂದೆಯೂ ಹಳೆಯ ಗ್ರಂಥಗಳಲ್ಲಿಯೂ ಇಂದಿನ ಜಾಲದಲ್ಲಿಯೂ ಕಂಡುಬರುವ ರೋಮನ್ ರೂಪಗಳನ್ನೆಲ್ಲ ಸೇರಿಸಿ ಒಂದು ಸೂಚಿಯನ್ನು ತಯಾರಿಸುತ್ತಿದ್ದೇನೆ. ಮಲ್ಲವೆಲ್ಲಿಯನ್ನು ಹುಡುಕಿದವನಿಗೂ ಮಳವಳ್ಳಿ ಸಿಕ್ಕಬೇಕೆಂಬುದು ಇದರ ಉದ್ದೇಶ. ಮಹಾರಾಷ್ಟ್ರದಲ್ಲಿ ಲೋಣಾವಳದ ಬಳಿ ಮಳವಲಿ ಎಂಬ ರೈಲ್ವೆ ಸ್ಟೇಷನ್ನೊಂದಿದೆ. ರೋಮನ್ನಿನಲ್ಲಿ ಅದಕ್ಕೂ ನಮ್ಮೂರಿಗೂ ಬಹಳ ಅಂತರವಿಲ್ಲವಾದುದರಿಂದ ಅದನ್ನೂ ಬೇರೆಯೆಂದು ಸೂಚಿಸಬೇಕಾಯಿತು. ಕಸಬೆಯ ಊರುಗಳು ಮುಗಿದಿವೆ. ಹಲಗೂರು, ಕಿರುಗಾವಲು ಕಡೆಯವು ಉಳಿದಿವೆ. ಕೆಲವು ಹಳ್ಳಿಗಳ ಹೆಸರಿನಲ್ಲಿ ಲಕಾರವೋ ಳಕಾರವೋ ಎಂಬುದು ಕಾಗದಪತ್ರಗಳಿಂದ ನಿಶ್ಚಯವಾಗುತ್ತಿಲ್ಲ. ಅಂತಹ ಊರುಗಳ ವಾಚಕರು ತಮ್ಮ ಮನೆಯ ಹಿರಿಯರ ಬಾಯಿಂದ ಹೆಸರನ್ನು ಒಮ್ಮೆ ಹೇಳಿಸಿ ಕೇಳಿ, ಕನ್ನಡದಲ್ಲಿ ಬರೆದು, ಒಂದು ಕಾರ್ಡನ್ನು ಸಂಘದ ಕಛೇರಿಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.